ಗುಳಿಯಪ್ಪದ ಕಾವಲಿಯಲ್ಲಿ ಒಸಾಕಾ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಗೆ ರಸ್ತೆ ಕಡೆ ಬಾಗಿಲಿರುವ ಒಂದು ಕೋಣೆ ಇದೆ. ಮೊದಲು ಅಲ್ಲಿ ಬಲೆ ಮತ್ತು ನೈಲಾನ್ ಹಗ್ಗದ ಅಂಗಡಿ ಇತ್ತು, ಆಮೇಲೆ ಝೆರಾಕ್ಸ್ ಅಂಗಡಿ ಬಂತು, ಆಮೇಲೆ ಎರಡು ವರ್ಷ ಬೀಗ. ಈ ಸಲ ಮಳೆ ಶುರುವಾಗುವ ಹೊತ್ತಿಗೆ ಇಬ್ಬರು ಹುಡುಗರು ಬಾಡಿಗೆಗೆ ಕೇಳಿಕೊಂಡು ಬಂದರು. ಒಬ್ಬ ಬೈತಖೋಲದ ಮೀನುಗಾರರ ಮನೆಯವನು. ಇನ್ನೊಬ್ಬ ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು, ಹುಟ್ಟಿದಾಗಿನಿಂದ ಮೀನು ತಿನ್ನದವನು. ಬೆಂಗಳೂರಿನ ಒಂದೇ ಅಡುಗೆಮನೆಯಲ್ಲಿ ಬೆವರು ಸುರಿಸಿ ಗೆಳೆಯರಾದವರು. ಯಾವ ಅಂಗಡಿ ಎಂದು ಕೇಳಿದೆ. ಜಪಾನಿನ ಬೀದಿ ತಿಂಡಿ, ಸ್ವಲ್ಪ ಹೊಸ ರೀತಿಯಲ್ಲಿ ಎಂದರು. ಹನ್ನೆರಡು ಕುರ್ಚಿ, ಒಂದು ದೊಡ್ಡ ಕಾವಲಿ, ಕಾಲೇಜಿನವರಿಗೂ ನೌಕಾನೆಲೆಯವರಿಗೂ ಕೈಗೆಟಕುವ ಬೆಲೆ. ತಂದಿದ್ದ ತಿಂಡಿಪಟ್ಟಿಯನ್ನು ಟೇಬಲ್ಲಿನ ಮೇಲೆ ಹರಡಿದರು.

ನನ್ನ ಹೆಂಡತಿ ಅದನ್ನು ಕನ್ನಡಕ ಹಾಕಿಕೊಂಡು ಓದಿದಳು. ಟಾಕೊಯಾಕಿ, ಒಕೊನೊಮಿಯಾಕಿ, ಇಕಾಯಾಕಿ, ತಾಯಿಯಾಕಿ. "ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳುತ್ತಿದೆಯಲ್ಲ ಇದು" ಎಂದಳು. ಆಮೇಲೆ ಮುಖ್ಯ ಪ್ರಶ್ನೆ: ಹಸಿ ಮೀನೇ?

ಬಾಡಿಗೆ ಕೊಡುವ ಮುಂಚೆ ಕೋಣೆಯಲ್ಲಿ ಏನು ಬೇಯುತ್ತದೆ ಎಂದು ತಿಳಿದುಕೊಳ್ಳುವ ಹಕ್ಕು ಮನೆ ಮಾಲೀಕನಿಗೆ ಇದೆಯೆಂದು ನಾನು ತಿಳಿದಿದ್ದೇನೆ. ಹಾಗಾಗಿ ಷರತ್ತು ಹಾಕಿದೆ: ಪಟ್ಟಿಯಲ್ಲಿರುವುದನ್ನೆಲ್ಲ ಮೊದಲು ನಮ್ಮ ಅಡುಗೆಮನೆಯಲ್ಲಿ ಮಾಡಿ ತೋರಿಸಬೇಕು, ಯಾಕೆ ಹಾಗೆ ಮಾಡುತ್ತಾರೆ ಎಂದೂ ಹೇಳಬೇಕು. ಆಳಸಮುದ್ರದ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರುತ್ತವೆ. ಆ ಹುಡುಗರಿಗೂ ಬೇರೆ ಕೆಲಸವಿರಲಿಲ್ಲ, ನನಗೂ ಇರಲಿಲ್ಲ. ಆ ದಿನಗಳಲ್ಲಿ ಒಲೆಯ ಪಕ್ಕ ನಿಂತು ನನಗೆ ಅರ್ಥವಾದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಹಸಿ ಮೀನಿನ ವಿಷಯ ಮುಗಿಸೋಣ. ಜಪಾನಿನ ಬೀದಿ ತಿಂಡಿ ಎಂದರೆ ಹೆಚ್ಚಾಗಿ ಬೆಂಕಿಯ ತಿಂಡಿ. 'ಯಾಕಿ' ಎಂದರೆ ಸುಟ್ಟದ್ದು, ಕಾವಲಿಯ ಮೇಲೆ ಬೇಯಿಸಿದ್ದು. 'ಟಾಕೊ' ಎಂದರೆ ಅಷ್ಟಪದಿ, ಅಂದರೆ ಆಕ್ಟೋಪಸ್; 'ಇಕಾ' ಎಂದರೆ ಬೊಂಡಾಸ, ಅಂದರೆ ಸ್ಕ್ವಿಡ್; 'ಒಕೊನೊಮಿ' ಎಂದರೆ ನಿಮಗೆ ಇಷ್ಟವಾದದ್ದು. ನಾವು ತುಪ್ಪಕ್ಕೆ ದೋಸೆ ಸೇರಿಸಿ ತುಪ್ಪದೋಸೆ ಎನ್ನುವ ಹಾಗೆ ಅವರು ಪದಕ್ಕೆ ಪದ ಪೋಣಿಸುತ್ತಾರೆ. ಇದು ತಿಳಿದ ಮೇಲೆ ತಿಂಡಿಪಟ್ಟಿಯ ಅರ್ಧ ಗುಟ್ಟು ಬಿಚ್ಚಿದ ಹಾಗೆಯೇ. ಮೋಸ ಮಾಡುವ ಹೆಸರು ಒಂದೇ, ಯಾಕಿಸೊಬಾ. ಸೊಬಾ ಎಂದರೆ ಹುರುಳಿಗೋಧಿ ಎನ್ನುವ ಬಕ್‌ವೀಟ್‌ನ ಶಾವಿಗೆ, ಆದರೆ ಯಾಕಿಸೊಬಾದಲ್ಲಿ ಅದು ಇಲ್ಲ. ಗೋಧಿಯ ನೂಡಲ್ಸ್ ಅನ್ನು ಎಲೆಕೋಸಿನ ಜೊತೆ ಕಾವಲಿಯ ಮೇಲೆ ಹುಳಿಸಿಹಿ ಸಾಸ್ ಹಾಕಿ ಬಾಡಿಸುತ್ತಾರೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಗೋಬಿ ಮಂಚೂರಿ ಪಕ್ಕದ ಗಾಡಿಯಲ್ಲಿ ಸಿಗುವ ನೂಡಲ್ಸ್‌ಗೆ ಇದು ದೂರದ ನೆಂಟ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಟಾಕೊಯಾಕಿಯ ಬಗ್ಗೆ ಹೇಳುವುದಕ್ಕೆ ಇದೆ.

ಹುಡುಗರು ಬೆಂಗಳೂರಿನಿಂದ ತಂದ ಎರಕದ ಕಾವಲಿಯನ್ನು ಹೊರತೆಗೆದಾಗ ನನ್ನ ಹೆಂಡತಿ ಮಾತಾಡದೆ ಒಳಗೆ ಹೋಗಿ ನಮ್ಮ ಗುಳಿಯಪ್ಪದ ಕಾವಲಿ ತಂದು ಪಕ್ಕದಲ್ಲಿಟ್ಟಳು. ಅರ್ಧಗೋಳದ ಅದೇ ಗುಳಿಗಳು. ಅವರದ್ದರಲ್ಲಿ ಗುಳಿ ಸುಮಾರು 4 ಸೆಂಟಿಮೀಟರ್ ಅಗಲ, ಒಂದಕ್ಕೊಂದು ಹತ್ತಿರ, ಅಂಚಿಗೆ ಎತ್ತರದ ಕಟ್ಟೆ. ನಮ್ಮದರ ಗುಳಿಗಳು ದೂರ ದೂರ, ಕಟ್ಟೆ ಇಲ್ಲ. ಈ ಕಟ್ಟೆ ಅಲಂಕಾರಕ್ಕಲ್ಲ ಎಂದು ಅರ್ಥವಾದದ್ದು ಮೊದಲ ಸರದಿ ಒಲೆಯ ಮೇಲೆಲ್ಲ ಹರಿದು ಹೊತ್ತಿದಾಗ.

ಪಡ್ಡು ಮಾಡುವಾಗ ಅಕ್ಕಿ ಉದ್ದಿನ ಹಿಟ್ಟು ದಪ್ಪಗಿರುತ್ತದೆ, ರಾತ್ರಿಯಿಡೀ ಹುದುಗಿರುತ್ತದೆ. ಹುದುಗಿನ ಗಾಳಿಯೇ ಅದನ್ನು ಉಬ್ಬಿಸುತ್ತದೆ. ಗುಳಿಗೆ ಅಷ್ಟಷ್ಟೇ ಹಾಕಿ ಮುಚ್ಚಳ ಮುಚ್ಚುತ್ತೇವೆ, ಒಮ್ಮೆ ತಿರುವುತ್ತೇವೆ, ಮುಗಿಯಿತು. ಟಾಕೊಯಾಕಿಯ ಹಿಟ್ಟು ಹುದುಗುವುದಿಲ್ಲ, ಅದು ಮಜ್ಜಿಗೆಯಷ್ಟು ತೆಳು. 100 ಗ್ರಾಂ ಮೈದಾಕ್ಕೆ 300ರಿಂದ 400 ಮಿಲಿಲೀಟರ್ ಸಾರು, ಒಂದೆರಡು ಮೊಟ್ಟೆ. ಅದನ್ನು ಗುಳಿ ತುಂಬಿ, ಕಾವಲಿಯ ಸಮತಲವೂ ಮುಳುಗುವಂತೆ ಸುರಿಯುತ್ತಾರೆ. ಕಟ್ಟೆ ಬೇಕಾಗುವುದು ಇಲ್ಲಿ. ಬೇಯಿಸಿದ ಅಷ್ಟಪದಿಯ ತುಂಡು, ಕರಿದ ಹಿಟ್ಟಿನ ಪುಡಿಕಾಳು, ಈರುಳ್ಳಿ ಸೊಪ್ಪು, ಕೆಂಪು ಶುಂಠಿ ಉಪ್ಪಿನಕಾಯಿ ಉದುರಿಸುತ್ತಾರೆ. ಅಡಿ ಗಟ್ಟಿಯಾಗುತ್ತಿದ್ದಂತೆ ಮೊನಚು ಕಡ್ಡಿಯಿಂದ ಗುಳಿಗಳ ನಡುವೆ ಗೆರೆ ಎಳೆದು, ಪ್ರತಿ ಉಂಡೆಯನ್ನೂ ಕಾಲು ಸುತ್ತು ತಿರುಗಿಸುತ್ತಾರೆ. ಒಳಗಿನ ನೀರುಹಿಟ್ಟು ಹೊರಗೆ ಜಾರಿ ಗುಳಿಯ ತಳ ಸೇರುತ್ತದೆ. ಸುತ್ತಲಿನ ಚೂರುಗಳನ್ನು ಒಳಗೆ ತುರುಕಿ ಮತ್ತೆ ಕಾಲು ಸುತ್ತು. ಹೀಗೆ ಗೋಳ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಹೊರಗೆ ತೆಳುವಾದ ಗರಿಗರಿ ಚಿಪ್ಪು, ಒಳಗೆ ಇನ್ನೂ ಅಲುಗಾಡುವ ಗಂಜಿಯಂಥ ತಿರುಳು.

ಈ ತಿರುಳು ಬೆಂದಿಲ್ಲವೆಂದು ನಾನು ಮೊದಲ ದಿನ ತಕರಾರು ತೆಗೆದೆ, ನಾಲಿಗೆಯನ್ನೂ ಸುಟ್ಟುಕೊಂಡೆ. ಅದು ಬೆಂದಿರುತ್ತದೆ. ನೀರು ಅಷ್ಟು ಹೆಚ್ಚಿದ್ದಾಗ ಮೈದಾದ ಪಿಷ್ಟ ಗಟ್ಟಿ ರೊಟ್ಟಿಯಾಗುವುದಿಲ್ಲ, ಮಣ್ಣಿಯಾಗುತ್ತದೆ. ನಾವು ರಾಗಿ ಮಣ್ಣಿ ಮಾಡುವಾಗ ಆಗುವುದೂ ಇದೇ. ಮಣ್ಣಿಯನ್ನು ಗರಿಗರಿ ಚಿಪ್ಪಿನೊಳಗೆ ಕೂಡಿಹಾಕುವುದು ಟಾಕೊಯಾಕಿಯ ಕಸಬು. ಮಧ್ಯದ ಅಷ್ಟಪದಿಯ ತುಂಡು ಅಲ್ಲಿರುವುದು ರುಚಿಗಿಂತ ಹೆಚ್ಚಾಗಿ ಹಲ್ಲಿಗೆ ಕೆಲಸ ಕೊಡುವುದಕ್ಕೆ: ಮೊದಲು ಗರಿಗರಿ, ನಂತರ ಮೆತ್ತಗೆ, ಕೊನೆಯಲ್ಲಿ ಜಗಿಯುವಂಥದ್ದು. ಈ ಮೂರು ಇಲ್ಲದಿದ್ದರೆ ಅದು ಮೈದಾ ಉಂಡೆ.

ಈ ತಿಂಡಿಗೆ ಅಂಥ ಪುರಾತನ ವಂಶಾವಳಿಯೂ ಇಲ್ಲ. 1935ರಲ್ಲಿ ಒಸಾಕಾದ ಟೊಮೆಕಿಚಿ ಎಂಡೊ ಎಂಬ ಗಾಡಿ ವ್ಯಾಪಾರಿ ಇದನ್ನು ರೂಪಿಸಿದ. ಅದಕ್ಕೂ ಮುಂಚೆ ಅವನು ಮಾರುತ್ತಿದ್ದ ಉಂಡೆಗೆ ರೇಡಿಯೊಯಾಕಿ ಎಂದು ಹೆಸರು. ರೇಡಿಯೊ ಆಗ ಹೊಸ ಬೆರಗು, ಹೆಸರಿಟ್ಟರೆ ಮಾರಾಟವಾಗುತ್ತಿತ್ತು. ಒಳಗಿದ್ದದ್ದು ಮಾಂಸ ಮತ್ತು ಕೊನ್ಯಾಕು ಎಂಬ ಗಡ್ಡೆಯ ಪದಾರ್ಥ. ಪಕ್ಕದ ಆಕಾಶಿ ಊರಿನಲ್ಲಿ ಮೊಟ್ಟೆ ಹೆಚ್ಚಿರುವ ಉಂಡೆಗೆ ಅಷ್ಟಪದಿ ಹಾಕಿ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಅಲ್ಲಿಂದ ಅಷ್ಟಪದಿ ಒಸಾಕಾಗೆ ಬಂತು. ಮೇಲೆ ಸುರಿಯುವ ಕಪ್ಪು ಸಾಸ್, ಮೇಯನೇಸ್ ಎಲ್ಲ ಯುದ್ಧದ ನಂತರ ಸೇರಿದ್ದು. ನಮ್ಮ ಹುಡುಗರ 'ಹೊಸ ರೀತಿ' ಎನ್ನುವುದನ್ನು ಕೇಳಿ ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಬೀದಿಯಲ್ಲಿ ಹುಟ್ಟಿದ ತಿಂಡಿಗೆ ಮಡಿ ಇಲ್ಲ.

ಹಾಗೆಂದು ಏನು ಮಾಡಿದರೂ ನಡೆಯುತ್ತದೆಯೇ? ಬೈತಖೋಲದವನು ಒಂದು ದಿನ ಪಡ್ಡಿನ ಹಿಟ್ಟಿನಲ್ಲೇ ಬೊಂಡಾಸದ ತುಂಡು ಹಾಕಿ ಮಾಡಿದ. ಚೆನ್ನಾಗಿತ್ತು. ಆದರೆ ಅದು ಬೊಂಡಾಸದ ಪಡ್ಡು. ಹುದುಗಿನ ಹುಳಿ ಮುಂದೆ ನಿಂತಿತು, ತಿರುಳು ಹಂಜಿಯಾಯಿತು. ಬದಲಾಯಿಸುವುದು ತಪ್ಪಲ್ಲ, ಬದಲಾಯಿಸಿದ ಸಾಮಾನು ಮೊದಲು ಏನು ಕೆಲಸ ಮಾಡುತ್ತಿತ್ತು ಎಂದು ತಿಳಿಯದೆ ಬದಲಾಯಿಸಿದರೆ ಹೀಗಾಗುತ್ತದೆ. ಅಷ್ಟಪದಿಯ ಜಾಗಕ್ಕೆ ಬೊಂಡಾಸ ಒಪ್ಪುತ್ತದೆ, ಏಕೆಂದರೆ ಅದೂ ಜಗಿಯುವುದೇ. ಅಷ್ಟಪದಿ ನಮ್ಮ ಬಂದರಿಗೂ ಬರುತ್ತದೆ, ಆದರೆ ದಿನವೂ ಬರುವುದನ್ನು ನಂಬುವಂತಿಲ್ಲ, ಬಂದದ್ದರಲ್ಲಿ ಒಳ್ಳೆಯದು ರಫ್ತಿನ ಪಾಲು. ಒಂದೇ ಎಚ್ಚರ: ಬೊಂಡಾಸವನ್ನು ಎರಡು ನಿಮಿಷ ಬೇಯಿಸಬೇಕು, ಇಲ್ಲವೇ ಮುಕ್ಕಾಲು ಗಂಟೆ ಬೇಯಿಸಬೇಕು. ನಡುವೆ ಎಲ್ಲಿ ಇಳಿಸಿದರೂ ಅದು ಸೈಕಲ್ ಟ್ಯೂಬು. ಕಾರವಾರದ ಯಾವ ಮನೆಯಲ್ಲಿ ಕೇಳಿದರೂ ಇದನ್ನು ಹೇಳುತ್ತಾರೆ.

ಶಿರಸಿಯವನ ಸಮಸ್ಯೆ ಬೇರೆ. ಮೀನು ಬೇಡವೆಂದರೆ ಹಲ್ಲಿಗೆ ಕೆಲಸ ಕೊಡುವುದು ಏನು? ಪನೀರ್ ಹಾಕಿದ. ಮೆತ್ತಗಿನದರೊಳಗೆ ಮತ್ತೊಂದು ಮೆತ್ತಗಿನದು. ಅಣಬೆ ಪರವಾಗಿಲ್ಲ. ನಾನು ಆಗ ತಿಳಿದುಕೊಂಡ ಒಂದು ಸಂಗತಿ: ರೇಡಿಯೊಯಾಕಿಯಲ್ಲಿದ್ದ ಕೊನ್ಯಾಕು ಎಂಬುದು ನಮ್ಮ ಸುವರ್ಣಗಡ್ಡೆಯ ಕುಲದ ಒಂದು ಗಡ್ಡೆಯಿಂದ ಮಾಡುವ ರಬ್ಬರಿನಂಥ ಪದಾರ್ಥ. ಸುವರ್ಣಗಡ್ಡೆ ಅದೇ ಕುಲದ್ದಾದರೂ ಅಷ್ಟು ಬಿಗಿಯಾಗುವುದಿಲ್ಲ, ಪ್ರಯತ್ನಿಸಿ ನೋಡಿದೆವು. ಕೊನೆಗೆ ಗೆದ್ದದ್ದು ಕಳಲೆ. ಮಳೆಗಾಲದ ಎಳೆ ಬಿದಿರನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಸಿ, ಕುದಿಸಿ, ಅದರ ವಿಷದ ಅಂಶ ತೆಗೆದು ಬಳಸುವುದನ್ನು ಘಟ್ಟದ ಮೇಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಜಪಾನಿನವರೂ ಬಿದಿರಿನ ಮೊಳಕೆಯನ್ನು ಪ್ರೀತಿಯಿಂದ ತಿನ್ನುವವರೇ. ಕಳಲೆಯ ತುಂಡು ಆ ಗಂಜಿಯ ನಡುವೆ ಕರುಂ ಎಂದಾಗ ಶಿರಸಿಯವನು ಮೊದಲ ಬಾರಿ ನಕ್ಕ.

ಈಗ ಮೇಲೆ ಬರೆದ ಒಂದು ಪದಕ್ಕೆ ಹಿಂದಿರುಗಬೇಕು: ಸಾರು. ಹಿಟ್ಟು ಕಲಸುವುದು ನೀರಿನಲ್ಲಲ್ಲ, 'ದಾಶಿ' ಎಂಬ ಸಾರಿನಲ್ಲಿ. ಇದೇ ಇಡೀ ವಿಷಯದ ಬೇರು. ಕಾವಲಿಯ ಕೈಚಳಕವನ್ನು ಯಾರೂ ಒಂದು ತಿಂಗಳಲ್ಲಿ ಕಲಿಯಬಹುದು. ದಾಶಿ ಇಲ್ಲದೆ ಮಾಡಿದರೆ ಮಾತ್ರ ಎಲ್ಲವೂ ಸಾಸ್‌ನ ರುಚಿಯದ್ದೇ ಆಗುತ್ತದೆ.

ದಾಶಿಗೆ ಎರಡು ಸಾಮಾನು. ಒಂದು ಕೊಂಬು. ಯಾವ ಪ್ರಾಣಿಯ ಕೊಂಬು ಎಂದು ನನ್ನ ಹೆಂಡತಿ ಕೇಳಿದಳು. ಅದು ತಣ್ಣನೆಯ ಸಮುದ್ರದಲ್ಲಿ ಬೆಳೆಯುವ ಚರ್ಮದ ಪಟ್ಟಿಯಂಥ ಕಡಲಪಾಚಿ. ಜಪಾನಿನ ಉತ್ತರ ತುದಿಯ ಹೊಕ್ಕೈಡೊ ಅದರ ತವರು. ಅಲ್ಲಿಂದ ಹಾಯಿ ಹಡಗುಗಳಲ್ಲಿ ಒಸಾಕಾಗೆ ಬಂದು ಇಳಿಯುತ್ತಿತ್ತು, ಅದರಿಂದಲೇ ಒಸಾಕಾದ ಅಡುಗೆಗೆ ಕೊಂಬು ಮೈಗೂಡಿತು. ಇನ್ನೊಂದು ಕತ್ಸುವೊಬುಶಿ. ಟ್ಯೂನಾ ಬಳಗದ ಒಂದು ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಒಣಗಿಸಿ, ಒಳ್ಳೆಯ ಜಾತಿಯದ್ದಕ್ಕೆ ಬೂಷ್ಟನ್ನೂ ಬರಿಸಿ, ಮತ್ತೆ ಒಣಗಿಸಿ ಮರದ ಕೊರಡಿನಂತೆ ಮಾಡುತ್ತಾರೆ. ಬಡಗಿಯ ಕೀಸುಳಿಯಂಥದ್ದರಲ್ಲಿ ಅದನ್ನು ಹೆರೆಯುತ್ತಾರೆ. ಬಿಸಿ ಟಾಕೊಯಾಕಿಯ ಮೇಲೆ ಆ ಹೆರೆಗಳನ್ನು ಉದುರಿಸಿದರೆ ಅವು ಜೀವವಿರುವಂತೆ ಕುಣಿಯುತ್ತವೆ. ಆವಿಯನ್ನು ಹೀರಿ ತೆಳುವಾದ ಭಾಗ ಒಂದು ಕಡೆ, ದಪ್ಪ ಭಾಗ ಇನ್ನೊಂದು ಕಡೆ ಸುರುಳಿಯುವುದರಿಂದ ಈ ಕುಣಿತ. ಪಕ್ಕದ ಮನೆಯ ಮಕ್ಕಳು ಕಿರುಚಿಕೊಂಡು ಓಡಿದವು, ಆಮೇಲೆ ಮತ್ತೆ ಕುಣಿಸಿ ಎಂದು ದುಂಬಾಲು ಬಿದ್ದವು.

ಮಾಡುವ ವಿಧಾನ ಇಷ್ಟೇ. ಕೊಂಬುವನ್ನು ತಣ್ಣೀರಿನಲ್ಲಿ ನೆನೆಸಿ, ನಿಧಾನ ಬಿಸಿಗಿಟ್ಟು, ಕುದಿ ಬರುವ ಮುಂಚೆ ತೆಗೆಯಬೇಕು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ರುಚಿ ಚೆನ್ನಾಗಿ ಇಳಿಯುತ್ತದೆ, ಕುದಿಸಿದರೆ ಲೋಳೆಯೂ ಕಹಿಯೂ ಬರುತ್ತವೆ. ಆಮೇಲೆ ಮೀನಿನ ಹೆರೆ ಹಾಕಿ, ಒಂದೆರಡು ನಿಮಿಷ ಬಿಟ್ಟು ಸೋಸುವುದು. ಗಂಟೆಗಟ್ಟಲೆ ಮೂಳೆ ಕುದಿಸಿ ಸೂಪ್ ತೆಗೆಯುವ ಅಡುಗೆಗಳೆದುರು ಇದು ಚಹಾ ಮಾಡಿದಷ್ಟು ಸುಲಭ. ಶ್ರಮವೆಲ್ಲ ಒಣಗಿಸುವವರದ್ದು, ಸಾರು ಮಾಡುವವರದ್ದಲ್ಲ.

ಬಣ್ಣ ನೋಡಿದರೆ ತಿಳಿ ಚಹಾ, ಮೂಸಿದರೆ ಹೊಗೆ, ಕುಡಿದರೆ ಮೊದಲು ಏನೂ ಇಲ್ಲವೆನಿಸುತ್ತದೆ. ನಂತರ ಬಾಯಿಯ ಎರಡೂ ಬದಿಯಲ್ಲಿ ನೀರೂರುತ್ತದೆ. ಟೋಕಿಯೊ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ 1908ರಲ್ಲಿ ಇದನ್ನೇ ಬೆನ್ನಟ್ಟಿ ಕೊಂಬುವಿನಿಂದ ಗ್ಲುಟಮೇಟ್ ಅನ್ನು ಬೇರ್ಪಡಿಸಿದ. ಸಿಹಿ, ಹುಳಿ, ಉಪ್ಪು, ಕಹಿ ಯಾವುದರ ಅಡಿಯಲ್ಲೂ ಬಾರದ ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟ. ನಮ್ಮ ಷಡ್ರಸದಲ್ಲಿ ಒಗರು ಇದೆ, ಖಾರ ಇದೆ, ಇದು ಇಲ್ಲ. ಆದರೆ ಬಾಯಿಗೆ ಇದು ಅಪರಿಚಿತವಲ್ಲ. ಆಷಾಢದ ಮಧ್ಯಾಹ್ನ ಒಣ ಶೆಟ್ಲಿ (ಸಿಗಡಿ) ಹಾಕಿದ ಸಾರಿಗೆ ಕುಚ್ಚಲಕ್ಕಿ ಅನ್ನ ಕಲಸಿದಾಗ ಇನ್ನೊಂದು ಸೌಟು ಬೇಕು ಎನಿಸುತ್ತದಲ್ಲ, ಆ 'ಇನ್ನೊಂದು ಸೌಟು' ಉಮಾಮಿಯ ಕೆಲಸ.

ಇಕೆಡಾನ ಶೋಧ ಮರುವರ್ಷವೇ ಪುಡಿಯಾಗಿ ಮಾರುಕಟ್ಟೆಗೆ ಬಂತು. ಅದೇ ಅಜಿನೊಮೊಟೊ. ಚೀನಾ ಅಡುಗೆಯ ಗಾಡಿಗಳ ಮುಂದೆ ನಿಂತು ನಾವು ವಿಷವೆಂಬಂತೆ ಪಿಸುಗುಟ್ಟುವ ಆ ಹರಳು. ನಾನೂ ಪಿಸುಗುಟ್ಟಿದವನೇ. ಟೊಮೆಟೊದಲ್ಲಿ, ಚೀಸ್‌ನಲ್ಲಿ ಇರುವ ಗ್ಲುಟಮೇಟ್‌ಗೂ ಅದಕ್ಕೂ ಭೇದವಿಲ್ಲ, ಅಡುಗೆಗೆ ಹಾಕುವಷ್ಟು ಪ್ರಮಾಣದಲ್ಲಿ ಅದು ಸುರಕ್ಷಿತವೆಂದೇ ಆಹಾರ ವಿಜ್ಞಾನ ಹೇಳುತ್ತದೆ. ಆದರೂ ಅದನ್ನು ಹಾಕಿದರೆ ದಾಶಿಯಾಗುವುದಿಲ್ಲ, ಏಕೆಂದರೆ ದಾಶಿಯಲ್ಲಿ ಜುಗಲಬಂದಿ ಇದೆ. ಇಕೆಡಾನ ಶಿಷ್ಯ ಶಿಂತಾರೊ ಕೊಡಾಮಾ 1913ರಲ್ಲಿ ಕತ್ಸುವೊಬುಶಿಯಲ್ಲಿ ಇನೊಸಿನೇಟ್ ಎಂಬ ಬೇರೊಂದು ವಸ್ತುವನ್ನು ಕಂಡುಕೊಂಡ. 1950ರ ದಶಕದ ಕೊನೆಯ ಹೊತ್ತಿಗೆ ಅಕಿರಾ ಕುನಿನಾಕಾ ಒಣ ಶೀಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಅನ್ನೂ ಗುರುತಿಸಿ, ಇವುಗಳಲ್ಲಿ ಒಂದು ಗ್ಲುಟಮೇಟ್ ಜೊತೆ ಸೇರಿದರೆ ರುಚಿ ಕೂಡುವುದಿಲ್ಲ, ಹಲವು ಪಟ್ಟು ಗುಣಿಸುತ್ತದೆ ಎಂದು ತೋರಿಸಿದ. ಕೊಂಬು ಜೊತೆ ಮೀನು, ಕೊಂಬು ಜೊತೆ ಅಣಬೆ. ಜಪಾನಿನ ಅಜ್ಜಿಯರು ಇದನ್ನು ಲೆಕ್ಕ ಹಾಕದೆಯೇ ಮಾಡುತ್ತಿದ್ದರು. ಟೊಮೆಟೊ ಹಾಕಿದ ಒಣಮೀನಿನ ಸಾರಿನಲ್ಲಿ ನಮ್ಮವರೂ ಮಾಡುತ್ತಿದ್ದಾರೆ.

ಶಿರಸಿಯವನ ಬಿಕ್ಕಟ್ಟಿಗೆ ಉತ್ತರ ಇಲ್ಲಿಯೇ ಸಿಕ್ಕಿತು. ಜಪಾನಿನ ಬೌದ್ಧ ಮಠಗಳಲ್ಲಿ ಮೀನು ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಅಲ್ಲಿನ ದಾಶಿ ಕೊಂಬು ಮತ್ತು ಒಣ ಅಣಬೆಯದ್ದು. ಹವ್ಯಕರ ಮನೆಯ ಶ್ರಾದ್ಧದ ಅಡುಗೆಯಂತೆ ಇದೆಯಲ್ಲ ಎಂದು ಅವನು ಹೇಳಿದ, ತಪ್ಪೇನಿಲ್ಲ. ಅಂಗಡಿಯಲ್ಲಿ ಎರಡು ಪಾತ್ರೆ, ಎರಡು ಕಾವಲಿ, ಎರಡು ಸೌಟು ಇಡುವುದೆಂದು ಅಂದೇ ನಿಶ್ಚಯವಾಯಿತು. ಕರಾವಳಿಯ ಊರಿನಲ್ಲಿ ಸಸ್ಯಾಹಾರಿಗೆ ಒಂದೇ ಎಣ್ಣೆಯಲ್ಲಿ ಕರಿದದ್ದನ್ನು ಕೊಟ್ಟು 'ಅದರಲ್ಲಿ ಏನೂ ಇಲ್ಲ' ಎನ್ನುವ ಅಂಗಡಿಗಳನ್ನು ನಾನು ಬಲ್ಲೆ.

ಬೈತಖೋಲದವನಿಗೆ ಕತ್ಸುವೊಬುಶಿಯ ಬೆಲೆಯದ್ದೇ ಚಿಂತೆ. ಆಮದಿನ ಸಣ್ಣ ಪೊಟ್ಟಣ ಒಂದು ವಾರಕ್ಕೆ ಸಾಲದು. ಆಗ ನನಗೆ ನೆನಪಾದದ್ದು ಮಾಸ್ಮೀನ್. ಲಕ್ಷದ್ವೀಪದ ಮಿನಿಕಾಯ್‌ನವರು ಅದೇ ಜಾತಿಯ ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಕಟ್ಟಿಗೆಯಂತೆ ಮಾಡುತ್ತಾರೆ. ಮಾಲ್ಡೀವ್ಸ್‌ನಲ್ಲೂ ಅದೇ ಕಸಬು. ಲಕ್ಷದ್ವೀಪದ ದೋಣಿಗಳಿಗೆ ಮಂಗಳೂರು ಹಳೆಯ ಬಂದರು, ಅಮಿನದಿವಿ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಬೂಷ್ಟಿನ ಹಂತ ಮಾಸ್ಮೀನ್‌ಗೆ ಇಲ್ಲ, ಹಾಗಾಗಿ ರುಚಿ ಸ್ವಲ್ಪ ಒರಟು, ಉಪ್ಪು ಹೆಚ್ಚು. ಸಾರಿಗೆ ಅದು ಸಾಕು. ಮೇಲೆ ಕುಣಿಯುವುದಕ್ಕೆ ಮಾತ್ರ ಆಮದಿನ ಹೆರೆ. ಬಂಗಡೆಯ ಒಣಮೀನು ಹಾಕಿ ನೋಡೋಣ ಎಂಬ ನನ್ನ ಸಲಹೆ ಒಂದೇ ದಿನಕ್ಕೆ ಮಣ್ಣಾಯಿತು. ಉಪ್ಪಿನಲ್ಲಿ ಒಣಗಿದ ಎಣ್ಣೆಮೀನಿನ ವಾಸನೆ ಹಿಟ್ಟಿನೊಳಗೆ ಕೂತು ಮೂರು ದಿನ ಮನೆ ಬಿಡಲಿಲ್ಲ.

ಒಕೊನೊಮಿಯಾಕಿಯನ್ನು ನಮ್ಮ ಕಡೆಯ ಪತ್ರಿಕೆಗಳು ಜಪಾನಿನ ಉತ್ತಪ್ಪ ಎಂದು ಕರೆಯುವುದನ್ನು ಕಂಡಿದ್ದೇನೆ. ಕೊಂಕಣಿ ಮನೆಯವರು ಒಪ್ಪಲಾರರು. ಎಲೆಕೋಸು ಸಣ್ಣಗೆ ಹೆಚ್ಚಿ ಹಾಕುವ 'ಸಣ್ಣ ಪೋಳೊ' ಎಂಬ ದೋಸೆ ಅದಕ್ಕಿಂತ ಹತ್ತಿರದ್ದು. ಒಸಾಕಾದವರು ಹಿಟ್ಟಿಗಿಂತ ಎಲೆಕೋಸು ಹೆಚ್ಚಿಟ್ಟು ಎಲ್ಲವನ್ನೂ ಕಲಸಿ ಹೊಯ್ಯುತ್ತಾರೆ. ಹಿರೋಶಿಮಾದವರು ತೆಳ್ಳೇವಿನಂಥ ತೆಳು ದೋಸೆ ಹೊಯ್ದು, ಅದರ ಮೇಲೆ ಎಲೆಕೋಸಿನ ರಾಶಿ, ಮಾಂಸ, ನೂಡಲ್ಸ್, ಮೊಟ್ಟೆ ಎಂದು ಪದರ ಕಟ್ಟುತ್ತಾರೆ. ಯಾವುದು ನಿಜವಾದದ್ದು ಎಂಬ ಜಗಳಕ್ಕೆ ಇಳಿಯುವುದು, ಕುಮಟೆಯವರ ಎದುರು ಅಂಕೋಲೆಯ ಇಶಾಡ ಮಾವನ್ನು ಹೊಗಳಿದಷ್ಟೇ ಅಪಾಯ.

ಇದು ಮನೆಮನೆಯ ಊಟವಾದದ್ದು ಬಡತನದಿಂದ. 1945ರ ನಂತರ ಸುಟ್ಟು ಕರಕಲಾದ ಊರುಗಳಲ್ಲಿ ಅಕ್ಕಿ ಇರಲಿಲ್ಲ, ಅಮೆರಿಕದ ಗೋಧಿ ಹಿಟ್ಟು ಬಂತು. ಅನ್ನ ತಿನ್ನುವವರ ಕೈಗೆ ಗೋಧಿ ಕೊಟ್ಟರೆ ಏನು ಮಾಡುತ್ತಾರೆ? ನಮ್ಮಲ್ಲೂ ಅರವತ್ತರ ದಶಕದಲ್ಲಿ ಅಮೆರಿಕದ ಗೋಧಿ ರೇಷನ್ ಅಂಗಡಿಗೆ ಬಂದಾಗ ಕರಾವಳಿಯ ಹೆಂಗಸರು ಅದನ್ನೇ ನೆನೆಸಿ ರುಬ್ಬಿ ದೋಸೆ ಹೊಯ್ದರು. ಹಿರೋಶಿಮಾದ ಗಾಡಿಗಳೂ ಅದೇ ದಾರಿ ಹಿಡಿದವು.

ಹಿಟ್ಟು ಹಗುರಾಗಲು ಅವರು ನಾಗಾಇಮೊ ಎಂಬ ಗೆಣಸನ್ನು ತುರಿದು ಹಾಕುತ್ತಾರೆ. ಅದರ ಲೋಳೆ ಗಾಳಿಯನ್ನು ಹಿಡಿದಿಡುತ್ತದೆ. ಅದು ಜೋಯಿಡಾದ ಕುಣಬಿಗಳು ಬೆಳೆಯುವ ಕೋನ್ ಗೆಣಸಿನ ಕುಲದ್ದೇ. ಜೋಯಿಡಾದ ಗಡ್ಡೆ ಗೆಣಸಿನ ಮೇಳಕ್ಕೆ ಹೋದವರಿಗೆ ಆನೆಯ ಕಾಲಿನಷ್ಟು ದಪ್ಪದ ಆ ಗೆಣಸು ಗೊತ್ತು. ನಾಗಾಇಮೊವನ್ನು ಹಸಿಯಾಗಿಯೂ ತಿನ್ನಬಹುದು, ನಮ್ಮದನ್ನು ಕೂಡದು, ಬಾಯಿ ತುರಿಸುತ್ತದೆ. ಹಾಗಾಗಿ ತೆಳುವಾಗಿ ಹೊಯ್ದು, ಮುಚ್ಚಳ ಮುಚ್ಚಿ, ಚೆನ್ನಾಗಿ ಬೇಯಿಸಬೇಕು. ಹುಡುಗರ ಒಕೊನೊಮಿಯಾಕಿ ಜಪಾನಿನದ್ದರ ಅರ್ಧದಷ್ಟು ದಪ್ಪವಿದ್ದರೆ ಅದಕ್ಕೆ ಕಾರಣ ಜಿಪುಣತನವಲ್ಲ.

ಮೇಲಿನ ಕಪ್ಪು ಸಾಸ್‌ನ ಕಥೆ ಕೇಳಿದಾಗ ನನಗೆ ನಗು ಬಂತು. ಮೂಲ ಇಂಗ್ಲೆಂಡಿನ ವೂಸ್ಟರ್ ಸಾಸ್. ಅದರ ಹುಳಿಯಲ್ಲಿ ಹುಣಸೆ ಇದೆ. ಜಪಾನಿನವರು ಅದಕ್ಕೆ ಹಣ್ಣು, ಸಕ್ಕರೆ ಸೇರಿಸಿ ದಪ್ಪ ಮಾಡಿಕೊಂಡರು, ಹಿರೋಶಿಮಾದ ಹೆಸರಾಂತ ಸಾಸ್‌ನಲ್ಲಿ ಖರ್ಜೂರವೂ ಇದೆ. ಹುಣಸೆ, ಖರ್ಜೂರ, ಸಿಹಿ: ಭೇಲ್‌ಪುರಿಯ ಕೆಂಪು ಚಟ್ನಿಯ ಅರ್ಧ ಸಾಮಾನು ಅಲ್ಲಿಯೇ ಇದೆ. ನಮ್ಮ ಅಡುಗೆಮನೆಯಲ್ಲಿ ಅದು ಜೋನಿಬೆಲ್ಲ, ಹುಣಸೆ, ಹುರಿದ ಕುಮಟೆ ಈರುಳ್ಳಿ, ಸೋಯಾ ಸಾಸ್ ಕೂಡಿಸಿ ಕುದಿಸಿದ್ದಾಯಿತು. ಕೆಂಪು ಶುಂಠಿಗೆ ಅವರು ಉಮೆ ಎಂಬ ಹುಳಿಕಾಯಿಯ ಉಪ್ಪುನೀರು ಬಳಸುತ್ತಾರೆ, ಬಣ್ಣ ಒಂದು ಕೆಂಪು ಸೊಪ್ಪಿನದ್ದು. ಇಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪುನೀರಿಗೆ ಎರಡು ಎಸಳು ಮುರುಗಲು ಹಾಕಿ ಶುಂಠಿ ನೆನೆಸಿದರು. ಮಾರನೆಯ ದಿನ ಅದು ನಾಚಿದ ಹಾಗೆ ಕೆಂಪಾಗಿತ್ತು. ಇಡೀ ಪಟ್ಟಿಯಲ್ಲಿ ಮೂಲಕ್ಕಿಂತ ಚೆನ್ನಾಗಿದೆ ಎಂದು ನಾನು ಆಣೆ ಮಾಡಿ ಹೇಳಬಲ್ಲದ್ದು ಇದೊಂದೇ.

ಒಪ್ಪದೇ ಇದ್ದದ್ದು ಚೀಸ್. ಎಲ್ಲದರ ಮೇಲೂ ಚೀಸ್ ಕರಗಿಸಿ ಸುರಿಯಬೇಕು, ಈಗಿನ ಮಕ್ಕಳು ಕೇಳುತ್ತಾರೆ ಎಂದು ಇಬ್ಬರೂ ಒಂದೇ ಧ್ವನಿಯಲ್ಲಿ ಹೇಳಿದರು. ಒಳಗೊಂದು ಸಣ್ಣ ತುಂಡು ಇರಲಿ, ಅದರಲ್ಲೂ ಗ್ಲುಟಮೇಟ್ ಇದೆ, ದಾಶಿಯ ಜೊತೆ ಹೊಂದುತ್ತದೆ. ಮೇಲೆ ಸುರಿದರೆ ಗರಿಗರಿ ಚಿಪ್ಪು ನೆನೆದು ಹೋಗುತ್ತದೆ. ಈ ವಾದದಲ್ಲಿ ನಾನು ಸೋತೆ. ಬಾಡಿಗೆ ಕಟ್ಟುವವರು ಅವರೇ ತಾನೆ.

ಟೆಂಪುರಾ ಪಟ್ಟಿಯಲ್ಲಿದ್ದದ್ದನ್ನು ಕಂಡು ಅದು ನಮ್ಮ ಬಜ್ಜಿ ಎಂದೆ. ಅದರ ಹಿಟ್ಟು ಮೈದಾದ್ದು, ಮಂಜಿನಂಥ ತಣ್ಣೀರಿನಲ್ಲಿ ನಾಲ್ಕು ಸುತ್ತು ಕಲಸಿ ಗಂಟುಗಳನ್ನು ಹಾಗೆಯೇ ಬಿಟ್ಟದ್ದು. ಹೆಚ್ಚು ಕಲಸಿದರೆ ಗೋಧಿಯ ಅಂಟು ಎದ್ದು ತೊಗಲಾಗುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹೆಸರು. ಆ ಪದ ಪೋರ್ಚುಗೀಸರದ್ದು. ಮಸಾಲೆ ಎಂಬ ಅರ್ಥದ ಪದದಿಂದ ಬಂತು ಎಂದು ಕೆಲವರು, ಮಾಂಸ ಬಿಡುವ ಉಪವಾಸದ ದಿನಗಳ ಹೆಸರಿನಿಂದ ಎಂದು ಕೆಲವರು. 1510ರಲ್ಲಿ ಗೋವಾ ಹಿಡಿದವರು 1543ರಲ್ಲಿ ಜಪಾನಿನ ತಾನೆಗಾಶಿಮಾ ತಲುಪಿದರು. 1549ರಲ್ಲಿ ಜಪಾನಿಗೆ ಹೋದ ಫ್ರಾನ್ಸಿಸ್ ಕ್ಸೇವಿಯರ್ ಗೋವಾದಿಂದ ಹೊರಟವನು, ಅವನ ದೇಹ ಇಂದಿಗೂ ಹಳೆ ಗೋವಾದಲ್ಲಿದೆ. ಜಪಾನಿನಲ್ಲಿ ಇಂದಿಗೂ ಬ್ರೆಡ್ಡಿಗೆ 'ಪಾನ್' ಎನ್ನುತ್ತಾರೆ. ನಾವು 'ಪಾವ್' ಎನ್ನುತ್ತೇವೆ. ಒಂದೇ ಪದ, ಎರಡು ದಡ. ನಮ್ಮ ಎದುರಿನ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದು 1505ರಲ್ಲಿ. ಅಂದರೆ ಜಪಾನಿನ ಅಡುಗೆಮನೆಗೆ ಹೋದ ದಾರಿ ಕಾರವಾರದ ಮುಂದೆಯೇ ಹಾದುಹೋಗಿತ್ತು.

ಅದೇ ಪಾನ್ ಒಳಗೆ ಕರಿ ತುಂಬಿ ಕರಿದದ್ದು ಕರೇಪಾನ್, ಇದನ್ನೂ ಹುಡುಗರು ಮಾಡುತ್ತಾರೆ. ಕರಿ ಜಪಾನಿಗೆ ಹೋದದ್ದು ನಮ್ಮಿಂದ ನೇರವಾಗಿ ಅಲ್ಲ, ಬ್ರಿಟಿಷರ ಮೂಲಕ. ಜಪಾನಿನ ನೌಕಾಪಡೆಯ 1908ರ ಅಡುಗೆ ಕೈಪಿಡಿಯಲ್ಲಿ ಕರಿ ಅನ್ನದ ವಿಧಾನವಿದೆ. ಇವತ್ತಿಗೂ ಅವರ ಸಾಗರಪಡೆಯಲ್ಲಿ ಶುಕ್ರವಾರ ಕರಿಯ ದಿನ. ಇದನ್ನು ಕೇಳಿದ ಕೂಡಲೆ ಬೈತಖೋಲದವನು ಶುಕ್ರವಾರಕ್ಕೆ ನೌಕಾನೆಲೆಯವರಿಗೆ ರಿಯಾಯಿತಿ ಎಂದು ಬರೆದುಕೊಂಡ. ವ್ಯಾಪಾರ ಗೊತ್ತಿರುವ ಹುಡುಗ.

ತಾಯಿಯಾಕಿಯ 'ತಾಯಿ' ಅಮ್ಮನಲ್ಲ, ಒಂದು ಮಂಗಳದ ಮೀನಿನ ಹೆಸರು. ಅದರ ಅಚ್ಚಿನಲ್ಲಿ ಬೇಯಿಸಿದ ಗೋಧಿ ಹಿಟ್ಟಿನ ತಿಂಡಿ ಇದು, ಒಳಗೆ ಕೆಂಪು ಅಜುಕಿ ಕಾಳಿನ ಸಿಹಿ ಹೂರಣ. ಅಲಸಂದೆಯ ಕುಲದ ಕಾಳು. ಹೋಳಿಗೆ ತಿಂದವರಿಗೆ ವಿವರಣೆ ಬೇಡ. ಮೀನಿನ ಆಕಾರವಿದ್ದು ಮೀನಿಲ್ಲದ ತಿಂಡಿ ಎಂದು ಶಿರಸಿಯವನು ಅದನ್ನು ಪಟ್ಟಿಯ ತಲೆಯಲ್ಲಿ ಬರೆದಿದ್ದಾನೆ.

ಆಗಸ್ಟ್ 1ಕ್ಕೆ ದೋಣಿಗಳು ಇಳಿದವು. ಕ್ಯಾರಂ ಬೋರ್ಡಿನಷ್ಟು ಅಗಲದ ಹೊಸ ಕಾವಲಿ ಬಂದು ಕೋಣೆಯಲ್ಲಿ ಕೂತಿತು. ಒಂದು ವಿಷಯ ಮಾತ್ರ ಉಳಿದಿತ್ತು: ಸಾರು ತೆಗೆದ ಮೇಲೆ ಉಳಿಯುವ ಕೊಂಬು. ಅಷ್ಟು ದುಬಾರಿ ಪಾಚಿಯನ್ನು ಜಪಾನಿನವರು ಎಸೆಯುವುದಿಲ್ಲ, ಸೋಯಾ ಸಾಸ್ ಸಕ್ಕರೆಯಲ್ಲಿ ಬತ್ತಿಸಿ ಅನ್ನಕ್ಕೆ ನೆಂಚಿಕೊಳ್ಳುತ್ತಾರೆ. ಆ ಭಾನುವಾರ ಶಿರಸಿಯವನ ತಾಯಿ ಬಸ್ಸಿನಲ್ಲಿ ಬಂದಿದ್ದರು. ಸೌತೆಯ ಸಿಪ್ಪೆಯನ್ನೂ ದಾಳಿಂಬೆಯ ಓಡನ್ನೂ ಬಿಡದ ಅಡುಗೆಮನೆಯವರು. ಬುಟ್ಟಿಯಲ್ಲಿದ್ದ ಹಸಿರು ಪಟ್ಟಿಗಳನ್ನು ಮುಟ್ಟಿ ನೋಡಿದರು, ಮೂಸಿದರು, ಇದರಲ್ಲಿ ಮೀನು ಮುಟ್ಟಿದೆಯೇ ಎಂದು ಕೇಳಿದರು. ಇಲ್ಲ, ಅಣಬೆಯ ಪಾತ್ರೆಯದ್ದು ಎಂದ ಮಗ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ಕೊಂಬು ಮತ್ತು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಹೊಯ್ದು ತಂಬುಳಿ ಮಾಡಿದರು. ನಾವು ನಾಲ್ವರೂ ನಿಂತೇ ಕುಡಿದೆವು. ಬೈತಖೋಲದವನು ಎರಡನೆಯ ಲೋಟಕ್ಕೆ ಕೈ ಚಾಚಿದ. ಶಿರಸಿಯವನು ಪೆನ್ಸಿಲು ಹುಡುಕಿ, ಪಟ್ಟಿಯ ಕೊನೆಯಲ್ಲಿ 'ತಂಬುಳಿ' ಎಂದಷ್ಟೇ ಬರೆದ. ಬೆಲೆಯ ಜಾಗ ಇನ್ನೂ ಖಾಲಿ ಇದೆ.